‘ಶಿಪ್‌ಮೆಂಟು’ ಎಂಬ ಕನ್ನಡ ಪದ

ನನ್ನ ಪಿಎಚ್.ಡಿ. ಪ್ರಬಂಧದ ವಿಷಯ ಜಾಗತೀಕರಣ ಮತ್ತು ಕನ್ನಡ ಕಥನ. ಮೊದಲ ವರ್ಷವಿಡೀ ಈ ವಿಷಯದ ಮೇಲೆ ಕನ್ನಡದಲ್ಲಿ ಬಂದ ವಿಮರ್ಶೆ, ಮುನ್ನುಡಿ, ವಿಚಾರ ಸಂಕಿರಣದ ಪ್ರಬಂಧಗಳನ್ನು ಓದುತ್ತ ನೋಟ್‌ಬುಕ್ಕಿನಲ್ಲಿ ಟಿಪ್ಪಣಿ ಹಾಕಿಕೊಂಡೆ. ಆ ಪುಸ್ತಕದ ಕೊನೆಯ ಪುಟಗಳಲ್ಲಿ ಒಂದು ಪಟ್ಟಿ ತಾನಾಗಿಯೇ ಬೆಳೆಯುತ್ತ ಹೋಯಿತು. ಜಾಗತೀಕರಣಕ್ಕೆ ನಮ್ಮವರು ಬಳಸುವ ರೂಪಕಗಳ ಪಟ್ಟಿ ಅದು: ಗಾಳಿ, ಬಿರುಗಾಳಿ, ಅಲೆ, ಪ್ರವಾಹ, ಭೂತ, ಮಾಯೆ. ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ಗಾಳಿ. ಅದು ಹಳ್ಳಿಗಳ ಮೇಲೆ ಬೀಸುತ್ತದೆ, ಸಂಬಂಧಗಳನ್ನು ಸಡಿಲಿಸುತ್ತದೆ, ಬೇರುಗಳನ್ನು ಅಲುಗಾಡಿಸುತ್ತದೆ. ನನ್ನ ಮೊದಲ ಅಧ್ಯಾಯದ ಕರಡಿನಲ್ಲೂ ಅದು ಮೂರು ಕಡೆ ಬೀಸಿತ್ತು.

ಒಂದು ಭಾನುವಾರ ಅಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಆ ಕರಡಿನ ಎರಡು ಪುಟ ಓದಿ ಹೇಳಿದೆ. ಅವಳು 17 ವರ್ಷ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ದುಡಿದವಳು. ಪೂರ್ತಿ ಕೇಳಿಸಿಕೊಂಡು, “ಯಾವ ಗಾಳಿ ಕಣವ್ವ ಅದು? ಗಾಳಿ ಬರ್ಲಿ ಮಳೆ ಬರ್ಲಿ, ಶಿಪ್‌ಮೆಂಟು ಒಂದಿನಾನೂ ನಿಂತಿಲ್ಲ” ಅಂದಳು.

ನನಗೆ ನಗು ಬಂತು. ಆಮೇಲೆ ಆ ಮಾತು ಬಿಟ್ಟು ಹೋಗಲಿಲ್ಲ. ಅಮ್ಮ ಇವತ್ತಿಗೂ ಸಮುದ್ರ ನೋಡಿಲ್ಲ, ಹಡಗು ನೋಡಿಲ್ಲ. ಆದರೆ ಅವಳ ಬದುಕಿನ ಅತಿ ದೊಡ್ಡ ಕಾಲಮಾನ ಹಡಗಿನದೇ ಆಗಿತ್ತು. ನಮ್ಮ ಮನೆಯಲ್ಲಿ ಹಬ್ಬ, ಊರಿನ ಜಾತ್ರೆ, ನನ್ನ ಶಾಲೆಯ ಪೋಷಕರ ಸಭೆ ಎಲ್ಲವೂ ಶಿಪ್‌ಮೆಂಟಿಗೆ ಹಿಂದು ಅಥವಾ ಮುಂದು ಆಗುತ್ತಿದ್ದವು. “ಶಿಪ್‌ಮೆಂಟು ಐತೆ, ಓಟಿ ಮಾಡ್ಬೇಕು” ಅಂದರೆ ರಾತ್ರಿ ಒಲೆ ಹಚ್ಚುವುದು ನನ್ನ ಪಾಲಿಗೆ ಎಂದರ್ಥ. ಹೀಗೆ ಮನೆಯೊಳಕ್ಕೆ ಬಂದು ಅನ್ನ ಬೇಯುವ ಹೊತ್ತನ್ನು ನಿರ್ಧರಿಸಿದ ಸಂಗತಿಯನ್ನು ನಾನು ಕರಡಿನಲ್ಲಿ ‘ಗಾಳಿ’ ಎಂದು ಬರೆದಿದ್ದೆ. ಗಾಳಿಗೆ ಕರ್ತೃವಿಲ್ಲ, ದಿನಾಂಕವಿಲ್ಲ, ಕೂಲಿ ಕೊಡುವ ಹೊಣೆಯೂ ಇಲ್ಲ. ಈ ರೂಪಕದ ತೊಂದರೆ ಇದೇ ಎಂದು ಈಗ ನನಗೆ ಅನ್ನಿಸುತ್ತದೆ. ಅದು ಜಾಗತೀಕರಣವನ್ನು ನಿಸರ್ಗದ ವ್ಯಾಪಾರ ಮಾಡಿಬಿಡುತ್ತದೆ. ಅದರ ಹಿಂದೆಯೇ ಕೆಲಸ ಎಂಬುದು ನಮ್ಮ ಚರ್ಚೆಯಿಂದ ಮಾಯವಾಗುತ್ತದೆ.

ಹಾಗಾದರೆ ಕಾರಣಗಳಿಗೆ ಹೆಸರು ಹಚ್ಚಿ ನೋಡೋಣ. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು ಅಮೆರಿಕದ ನ್ಯೂಅರ್ಕ್‌ನಿಂದ ಹ್ಯೂಸ್ಟನ್ ಕಡೆಗೆ 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಅದನ್ನು ಹೊರಡಿಸಿದ ಮಾಲ್ಕಂ ಮೆಕ್ಲೀನ್ ಲಾರಿ ವ್ಯವಹಾರದ ಮನುಷ್ಯ. ಅಲ್ಲಿಯವರೆಗೆ ಸರಕನ್ನು ಮೂಟೆ ಮೂಟೆಯಾಗಿ ಹಮಾಲರು ಹಡಗಿಗೆ ತುಂಬುತ್ತಿದ್ದರು; ಅದಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. ಪೆಟ್ಟಿಗೆಯನ್ನು ಕ್ರೇನು ಎತ್ತಿಡತೊಡಗಿದ ಮೇಲೆ ಟನ್ನಿಗೆ ಸುಮಾರು ಆರು ಡಾಲರ್ ಬೀಳುತ್ತಿದ್ದ ತುಂಬುವ ಖರ್ಚು 16 ಸೆಂಟಿನ ಆಸುಪಾಸಿಗೆ ಇಳಿಯಿತು. ಬಂದರುಗಳಲ್ಲಿ ಸಾವಿರಾರು ಹಮಾಲರ ಕೆಲಸ ಹೋಯಿತು. ಸರಕು ಸಾಗಿಸುವ ಖರ್ಚು ಅಷ್ಟು ಅಗ್ಗವಾದಾಗ ಬಟ್ಟೆ ಒಂದು ದೇಶದ್ದು, ಗುಂಡಿ ಇನ್ನೊಂದು ದೇಶದ್ದು, ಹೊಲಿಗೆ ಕೂಲಿ ಕಡಿಮೆಯಿರುವ ಮತ್ತೊಂದು ಊರಿನದು ಎಂಬ ಏರ್ಪಾಡು ಲಾಭದ್ದಾಯಿತು. ಆ ಮತ್ತೊಂದು ಊರುಗಳಲ್ಲಿ ಬೆಂಗಳೂರೂ ಒಂದು.

ಎರಡನೆಯದು ಒಂದು ಒಪ್ಪಂದ. 1974ರಿಂದ ಜಾರಿಯಲ್ಲಿದ್ದ ಮಲ್ಟಿ ಫೈಬರ್ ಒಪ್ಪಂದ ಯಾವ ದೇಶದಿಂದ ಎಷ್ಟು ಸಿದ್ಧ ಉಡುಪು ಶ್ರೀಮಂತ ದೇಶಗಳಿಗೆ ಹೋಗಬಹುದು ಎಂಬುದಕ್ಕೆ ಕೋಟಾ ಹಾಕಿತ್ತು. ತಮ್ಮ ಗಿರಣಿಗಳನ್ನು ಉಳಿಸಿಕೊಳ್ಳಲು ಆ ದೇಶಗಳೇ ಮಾಡಿಕೊಂಡ ಏರ್ಪಾಡದು. 2005ರ ಜನವರಿ 1ರಂದು ಕೋಟಾ ಪೂರ್ತಿ ಕೊನೆಗೊಂಡಿತು. ಅಂದಿನಿಂದ ಬಯರ್ ಯಾವ ದೇಶಕ್ಕೆ ಬೇಕಾದರೂ ಆರ್ಡರ್ ಕೊಡಬಹುದು, ಎರಡು ಪೈಸೆ ಕಡಿಮೆಗೆ ಹೊಲಿಯುವವರು ಸಿಕ್ಕರೆ ಅಲ್ಲಿಗೆ ಹೋಗಬಹುದು. “ಬಾಂಗ್ಲಾದೇಶದೋರು ಇಷ್ಟಕ್ಕೇ ಮಾಡ್ತಾರಂತೆ, ನಿಮಗೇನಾಗೈತೆ” ಎಂದು ಸೂಪರ್‌ವೈಸರ್ ಕೂಗುತ್ತಿದ್ದುದು ಅಮ್ಮನಿಗೆ ಚೆನ್ನಾಗಿ ನೆನಪಿದೆ. ದೂರದಲ್ಲೆಲ್ಲೋ ಸಹಿಯಾದ ಕಾಗದ ಮೈಸೂರು ರಸ್ತೆಯ ಲೈನಿಗೆ ತಲುಪಿದ ಬಗೆ ಇದು.

ಮೂರನೆಯದು ತಂತಿಯಿಲ್ಲದ ದಾರಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹದ ಸಂಪರ್ಕ ಹಾಕಿಕೊಂಡಿತು. ಆಮೇಲೆ ಪೆಟ್ಟಿಗೆಯ ಹಂಗೂ ಇಲ್ಲದೆ ಕೆಲಸವೇ ಸಮುದ್ರ ದಾಟತೊಡಗಿತು. ಈ ಎರಡು ದಾರಿಗಳು ಒಂದೇ ಕಡೆ ಕಾಣುವ ಜಾಗ ವೈಟ್‌ಫೀಲ್ಡ್. ಒಂದು ಬದಿಗೆ ಐಟಿಪಿಎಲ್‌ನ ಗಾಜಿನ ಕಟ್ಟಡಗಳು, ಸ್ವಲ್ಪ ದೂರದಲ್ಲಿ ರೈಲು ಹಳಿಯ ಪಕ್ಕ ಕಂಟೇನರುಗಳನ್ನು ಒಂದರ ಮೇಲೊಂದು ಪೇರಿಸಿದ ಡಿಪೋ. ನಮ್ಮ ಕಥೆ ಕಾದಂಬರಿಗಳು ಮೊದಲನೆಯದರ ಬಾಗಿಲವರೆಗಾದರೂ ಹೋಗಿವೆ. ಎರಡನೆಯದರ ಬಳಿ ಅವು ನಿಂತದ್ದು ನನ್ನ ಓದಿಗೆ ಸಿಕ್ಕಿಲ್ಲ.

ಇದನ್ನೆಲ್ಲ ಕಥೆಗಾರರು ಅರ್ಥಶಾಸ್ತ್ರದ ಪಾಠದಂತೆ ಬರೆಯಬೇಕು ಎಂಬುದು ನನ್ನ ವಾದವಲ್ಲ. ದೂರದ ಶಕ್ತಿಯೊಂದು ಮೈಮೇಲೆ ಬಂದು ಕೂರುವುದನ್ನು ಕನ್ನಡ ಕಾದಂಬರಿ ಬಹಳ ಹಿಂದೆಯೇ ತೋರಿಸಿಕೊಟ್ಟಿದೆ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದ್ದು. ಅದನ್ನು ನಾವು ಅಸ್ಪೃಶ್ಯತೆಯ, ಭೂಮಿಯ ಹಂಬಲದ ಕಾದಂಬರಿಯಾಗಿ ಓದುತ್ತೇವೆ, ಅದು ಸರಿಯೇ. ಆದರೆ ಆ ಕಾದಂಬರಿಯ ಇನ್ನೊಂದು ತುದಿ ಘಟ್ಟದ ಮೇಲಿನ ಕಾಫಿ ತೋಟದಲ್ಲಿದೆ. ಕಾಫಿ ಅಂದಿನ ಜಾಗತಿಕ ಮಾರುಕಟ್ಟೆಯ ಸರಕು. ಚೋಮನ ಮನೆಯಲ್ಲಿ ಅದು ಕಾಣಿಸುವುದು ಸಾಲವಾಗಿ. ಸಾಲ ತೀರಿಸಲು ಚನಿಯ, ಗುರುವ ಘಟ್ಟ ಹತ್ತುತ್ತಾರೆ. ಒಬ್ಬ ಜ್ವರ ಹೊತ್ತು ಬಂದು ಸಾಯುತ್ತಾನೆ, ಇನ್ನೊಬ್ಬ ಹಿಂತಿರುಗುವುದಿಲ್ಲ. ಆಮೇಲೆ ಬೆಳ್ಳಿಯ ಸರದಿ. ತೋಟದಲ್ಲಿ ಅವಳು ದುಡಿಮೆಯ ಜೊತೆ ದೇಹವನ್ನೂ ತೆರಬೇಕಾಗುತ್ತದೆ.

ಇಲ್ಲಿ ಕಾಫಿಯ ಬೆಲೆ ಲಂಡನ್ನಿನಲ್ಲಿ ಎಷ್ಟಿತ್ತು ಎಂಬ ಮಾತಿಲ್ಲ. ಆದರೆ ಆ ಬೆಲೆಯ ಪ್ರತಿನಿಧಿಗೆ ಮುಖವಿದೆ, ಹೆಸರಿದೆ: ಸಾಲ ಕೇಳಲು ಬರುವ, ಆಳು ಹೊಂದಿಸುವ, ಲೆಕ್ಕ ಬರೆಯುವ ಮನ್ವೇಲ. ಕಾರಂತರು ಶಕ್ತಿಯನ್ನು ಗಾಳಿ ಮಾಡಲಿಲ್ಲ, ನಡೆದು ಬರುವ ಮನುಷ್ಯನನ್ನಾಗಿ ಮಾಡಿದರು. ಹಾಗಾಗಿ ಸಾಲ, ಘಟ್ಟ, ಜ್ವರ, ಸಾವು ಒಂದೇ ಸರಪಳಿಯ ಕೊಂಡಿಗಳಾಗಿ ಕಾಣುತ್ತವೆ. ಜಾಗತೀಕರಣದ ಕಥನ 1991ರಿಂದಲೇ ಶುರು ಎಂದು ನಂಬಿಕೊಂಡ ನಮ್ಮ ಅಧ್ಯಯನಗಳು ‘ಚೋಮನ ದುಡಿ’ಯನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳುವುದಿಲ್ಲ. ನಾನೂ ಸೇರಿಸಿಕೊಂಡಿರಲಿಲ್ಲ.

ಪಟ್ಟಿಯಲ್ಲಿ ತಪ್ಪದೆ ಇರುವ ಕೃತಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಉದಾರೀಕರಣದ ನಂತರದ ಬೆಂಗಳೂರಿನ ಮಧ್ಯಮವರ್ಗಕ್ಕೆ ದಿಢೀರನೆ ಹಣ ಬಂದಾಗ ಒಂದು ಕುಟುಂಬದ ನೈತಿಕತೆಗೆ ಏನಾಗುತ್ತದೆ ಎಂಬ ಪ್ರಶ್ನೆಯ ಮೇಲೆ ಈ ಕಿರುಕಾದಂಬರಿಯ ಕುರಿತ ಬಹುತೇಕ ಚರ್ಚೆ ನಿಂತಿದೆ. ನಾನು ಈ ಸಲ ಅದನ್ನು ಕೆಲಸದ ದಾರಿ ಹಿಡಿದು ಓದಿದೆ. ಕೃತಿಯ ಮೊದಲ ಕಾಲದಲ್ಲಿ ಅಪ್ಪನ ಕೆಲಸ ಮನೆಮಂದಿಗೆಲ್ಲ ಗೊತ್ತು. ಅವನು ಸೇಲ್ಸ್‌ಮನ್. ಅವನ ದಿನದ ಲೆಕ್ಕ ತಾಳೆಯಾಗದಿದ್ದರೆ ಅದು ಇಡೀ ಮನೆಯ ಆತಂಕ, ಎಲ್ಲರೂ ಸೇರಿ ಹುಡುಕುವ ತಪ್ಪು. ಅಪ್ಪ ಕೆಲಸ ಕಳೆದುಕೊಂಡ ಮೇಲೆ ಚಿಕ್ಕಪ್ಪನ ಮಸಾಲೆ ವ್ಯವಹಾರ ಶುರುವಾಗುತ್ತದೆ: ದೊಡ್ಡ ಮೊತ್ತದಲ್ಲಿ ಮಸಾಲೆ ಪದಾರ್ಥ ತರಿಸಿ ಚಿಕ್ಕ ಪೊಟ್ಟಣಗಳಲ್ಲಿ ತುಂಬಿ ಮಾರುವುದು. ಹಣ ಬರುತ್ತದೆ. ಕೆಲಸ ಕಣ್ಮರೆಯಾಗುತ್ತದೆ. ನಿರೂಪಕ ಹೆಸರಿಗೆ ಕಂಪನಿಯಲ್ಲಿದ್ದಾನೆ, ಖಾತೆಗೆ ದುಡ್ಡು ಬೀಳುತ್ತದೆ, ಅವನು ಕಾಫಿ ಹೌಸಿನಲ್ಲಿ ಕೂತಿರುತ್ತಾನೆ. ಪೊಟ್ಟಣ ತುಂಬುವ ಕೈಗಳು ಯಾರವು ಎಂಬುದು ಕಥೆಯ ಅಂಚಿನಲ್ಲೇ ಉಳಿಯುತ್ತದೆ.

ಇದು ಕೃತಿಯ ಕೊರತೆಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ಆ ಕುಟುಂಬ ಏನನ್ನು ನೋಡಲು ಬಯಸುವುದಿಲ್ಲವೋ ಅದು ನಮಗೂ ಕಾಣುವುದಿಲ್ಲ. ನಿರೂಪಕನ ಕುರುಡು ಕಾದಂಬರಿಗೆ ಗೊತ್ತಿದೆ. ನಿನ್ನ ಸ್ವಂತ ದುಡಿಮೆ ಎಲ್ಲಿ ಎಂದು ಅವನ ಹೆಂಡತಿ ಅನಿತಾ ಕೇಳುವಾಗ ಕೃತಿಯೇ ಆ ಕುರುಡಿಗೆ ಬೆರಳು ತೋರಿಸುತ್ತದೆ. ಆ ಮನೆಯಲ್ಲಿ ಅವಳ ಸ್ಥಿತಿ ಅಷ್ಟೊಂದು ಅಪಾಯದ್ದಾಗುವುದಕ್ಕೂ ಈ ಪ್ರಶ್ನೆಗೂ ಸಂಬಂಧವಿದೆ. ತೊಂದರೆ ಇರುವುದು ವಿಮರ್ಶೆಯಲ್ಲಿ. ನಾವು ನಿರೂಪಕನ ಕುರುಡನ್ನೇ ಎರವಲು ಪಡೆದು, ಜಾಗತೀಕರಣವೆಂದರೆ ಮನೆಯೊಳಗೆ ಬಂದ ಹಣ, ಹಣದಿಂದ ಕೆಟ್ಟ ಸಂಬಂಧ ಎಂದು ಸಾರಾಂಶ ಬರೆದೆವು. ಹಣ ಹುಟ್ಟಿದ ಗೋದಾಮಿನ ಬಗ್ಗೆ ಕಾದಂಬರಿ ಬಿಟ್ಟ ಮೌನವನ್ನು ಪ್ರಶ್ನೆಯಾಗಿ ಎತ್ತಿಕೊಳ್ಳಲಿಲ್ಲ.

ಕೆಲಸವನ್ನು ಹತ್ತಿರದಿಂದ ನೋಡುವ ಕಣ್ಣು ಕನ್ನಡಕ್ಕಿಲ್ಲವೆಂದಲ್ಲ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಿ ಅದು ಧಾರಾಳವಾಗಿದೆ. ‘ಒಪೆರಾ ಹೌಸ್’ ಕಥೆಯ ಇಂದ್ರನೀಲ ಸಿನಿಮಾ ಥಿಯೇಟರಿನಲ್ಲಿ ಕಸ ಗುಡಿಸುವವನು. ಆಟ ಮುಗಿದು ಜನ ಹೋದ ಮೇಲೆ ಕುರ್ಚಿಗಳ ಕೆಳಗೆ ಉಳಿದ ವಸ್ತುಗಳ ಮೂಲಕ ಅವನಿಗೆ ಆ ಜನರ ಪರಿಚಯ. ಗುಡಿಸುವ ಕೆಲಸ ಅಲ್ಲಿ ಪಾತ್ರಕ್ಕೆ ಅಂಟಿಸಿದ ಗುರುತಿನ ಚೀಟಿಯಾಗಿಲ್ಲ. ಜಗತ್ತನ್ನು ತಿಳಿಯುವ ದಾರಿಯಾಗಿದೆ. ಆದರೆ ಆ ಥಿಯೇಟರು ಮುಚ್ಚುವುದರಲ್ಲಿದೆ. ನಾನು ಓದಿದ ಮಟ್ಟಿಗೆ ಇಲ್ಲೊಂದು ಮಾದರಿ ಕಾಣುತ್ತದೆ. ಸಾಯುತ್ತಿರುವ ಕೆಲಸಕ್ಕೆ ನಮ್ಮಲ್ಲಿ ಶೋಕಗೀತೆ ಇದೆ: ಮಗ್ಗ, ಕುಲುಮೆ, ಗಿರಣಿ, ಹಳೆಯ ಥಿಯೇಟರು. ಹುಟ್ಟುತ್ತಿರುವ ಕೆಲಸಕ್ಕೆ, ಅಂದರೆ ಗಾರ್ಮೆಂಟ್ಸ್ ಲೈನಿಗೆ, ರಾತ್ರಿ ಪಾಳಿಯ ಹೆಡ್‌ಫೋನಿಗೆ, ಸ್ಕೂಟರಿನಲ್ಲಿ ಊಟ ತಲುಪಿಸುವ ಹುಡುಗನ ಮೊಬೈಲಿಗೆ ಇನ್ನೂ ಸರಿಯಾದ ಭಾಷೆ ಸಿಕ್ಕಿಲ್ಲ.

ವಿಚಾರ ಸಾಹಿತ್ಯದಲ್ಲೂ ಹೀಗೇ. ದೊಡ್ಡಬಳ್ಳಾಪುರದ ನೇಕಾರ ಮನೆತನದಿಂದ ಬಂದ ಡಿ.ಆರ್. ನಾಗರಾಜ್ ಕುಶಲಕರ್ಮಿ ಸಮುದಾಯಗಳ ಜ್ಞಾನ ನಾಶವಾದ ಬಗೆಯನ್ನು ಆಳವಾಗಿ ಯೋಚಿಸಿದರು. ಪ್ರಸನ್ನ ‘ಯಂತ್ರಗಳನ್ನು ಕಳಚೋಣ ಬನ್ನಿ’ ಎಂದು ಕರೆದರು. ಹೆಗ್ಗೋಡಿನಲ್ಲಿ ‘ಚರಕ’ದ ಮೂಲಕ ಕೈಮಗ್ಗದ ಕೆಲಸ ಕಟ್ಟಿಯೂ ತೋರಿಸಿದರು. ಈ ಚಿಂತನೆಗೆ ನಾನು ಋಣಿ. ಆದರೂ ಒಂದು ಕಡೆ ತಡವರಿಸುತ್ತೇನೆ. ಅಮ್ಮ ಮಗ್ಗ ಕಳೆದುಕೊಂಡು ಕಾರ್ಖಾನೆಗೆ ಬಂದವಳಲ್ಲ. ಮಾಗಡಿ ಕಡೆಯ ಹಳ್ಳಿಯಲ್ಲಿ ಅವಳಿಗಿದ್ದದ್ದು ಬೇರೆಯವರ ಹೊಲದ ಕಳೆ ಕೀಳುವ ಕೂಲಿ. ಆ ದುಡ್ಡೂ ಅಪ್ಪನ ಕೈಗೆ ಹೋಗುತ್ತಿತ್ತು. ಅವಳ ಹೆಸರಿಗೆ ಬಂದ ಮೊದಲ ಸಂಬಳ, ಮೊದಲ ಬ್ಯಾಂಕ್ ಖಾತೆ, ಮೊದಲ ಪಿ.ಎಫ್. ನಂಬರು ಯಂತ್ರದ ಮುಂದೆ ಕೂತ ಮೇಲೆ ಬಂದವು. ಅದೇ ಯಂತ್ರ ಅವಳ ಸೊಂಟವನ್ನೂ ತೆಗೆದುಕೊಂಡಿತು. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಮುಟ್ಟಲು ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದಳು. ಕುಡಿದರೆ ಬಾತ್‌ರೂಮಿಗೆ ಏಳಬೇಕಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವ ವಾಕ್ಯ ನನಗೆ ಬೇಕು. ‘ಯಂತ್ರ ಕೆಟ್ಟದ್ದು’ ಎಂಬ ವಾಕ್ಯವೂ ‘ಜಾಗತೀಕರಣ ಮಹಿಳೆಯರನ್ನು ಸಬಲೀಕರಿಸಿತು’ ಎಂಬ ವಾಕ್ಯವೂ ಅರ್ಧಕ್ಕೆ ನಿಲ್ಲುತ್ತವೆ.

ಪಿ.ಎಫ್. ನಂಬರಿನ ಮಾತು ಬಂದದ್ದರಿಂದ 2016ರ ಏಪ್ರಿಲ್ ನೆನಪಾಗುತ್ತದೆ. ಗಾರ್ಮೆಂಟ್ಸಿನಲ್ಲಿ ಸಂಬಳ ತಿಂಗಳ ಕೊನೆಗೆ ಮುಗಿದೇ ಹೋಗುವಂಥದ್ದು. ಕೈ ಕಣ್ಣು ಸೋತ ಮೇಲೆ ಅಥವಾ ಕಾರ್ಖಾನೆ ಊರು ಬಿಟ್ಟು ಹೋದ ಮೇಲೆ ಹೆಂಗಸರಿಗೆ ಒಟ್ಟಾಗಿ ಸಿಗುವ ದುಡ್ಡೆಂದರೆ ಪಿ.ಎಫ್. ಒಂದೇ. ಮಗಳ ಮದುವೆ, ಸಾಲ, ಆಸ್ಪತ್ರೆ ಎಲ್ಲದರ ಲೆಕ್ಕ ಅದರ ಮೇಲೆ. ಆ ವರ್ಷ ಕೇಂದ್ರ ಸರ್ಕಾರ ಒಂದು ಅಧಿಸೂಚನೆಯಲ್ಲಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದಿತು. 58 ವರ್ಷದವರೆಗೆ ಟಾರ್ಗೆಟ್ ಮುಟ್ಟುವ ಮೈ ಯಾರಿಗಿದೆ? ಏಪ್ರಿಲ್ 18 ಮತ್ತು 19ರಂದು ಸಾವಿರ ಸಾವಿರ ಹೆಂಗಸರು ಕಾರ್ಖಾನೆ ಬಿಟ್ಟು ಬೆಂಗಳೂರಿನ ರಸ್ತೆಗಳಿಗೆ ಇಳಿದರು. ಅಮ್ಮನೂ ಇದ್ದಳು.

ನಾನಾಗ ಬಿ.ಎ. ಓದುತ್ತಿದ್ದೆ. ಬಸ್ಸುಗಳು ನಿಂತಿದ್ದರಿಂದ ಕಾಲೇಜಿನ ಹುಡುಗಿಯರೆಲ್ಲ ಗೊಣಗುತ್ತಿದ್ದರು, ನಾನೂ ಗೊಣಗಿದೆ. ಟಿ.ವಿ.ಯಲ್ಲಿ ಬೆಂಕಿ ಹತ್ತಿದ ವಾಹನ, ಲಾಠಿ, ಅಶ್ರುವಾಯು. ನಿರೂಪಕರು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ, ಇವರ ನಾಯಕರು ಯಾರು? ಹೇಳಿಕೊಳ್ಳುವಂಥ ನಾಯಕರು ಇರಲಿಲ್ಲ. ಒಂದು ಲೈನಿನ ಹೆಂಗಸು ಇನ್ನೊಂದು ಲೈನಿನವಳಿಗೆ, ಒಂದು ಕಾರ್ಖಾನೆಯವರು ಪಕ್ಕದ ಗೇಟಿನವರಿಗೆ ಹೇಳಿ ಹೊರಟಿದ್ದರು. ಅಮ್ಮ ರಾತ್ರಿ ಕೆಂಗೇರಿಯವರೆಗೆ ನಡೆದು ಬಂದು, ಚಪ್ಪಲಿ ಕಿತ್ತುಹೋಗಿದ್ದನ್ನು ಬಾಗಿಲ ಬಳಿ ಬಿಟ್ಟು, ಏನೂ ಮಾತಾಡದೆ ಮಲಗಿದಳು. 19ರಂದೇ ಸರ್ಕಾರ ಆ ಅಧಿಸೂಚನೆಯನ್ನು ವಾಪಸು ಪಡೆಯಿತು. ಎರಡು ವರ್ಷದ ಮೇಲೆ ಸೊಂಟ ನೋವಿಗೆ ಅವಳು ಕೆಲಸ ಬಿಟ್ಟಾಗ ಬಂದ ಪಿ.ಎಫ್. ದುಡ್ಡಿನಲ್ಲಿ ನನ್ನ ಎಂ.ಎ. ಪ್ರವೇಶ, ಹಾಸ್ಟೆಲು, ಪುಸ್ತಕ ಆದವು. ‘ಘಾಚರ್ ಘೋಚರ್’ ಕೊಂಡದ್ದೂ ಅದರಲ್ಲೇ.

ಈ ಸಂಗತಿಯನ್ನು ನನ್ನ ಮನೆಯ ಕಥೆ ಎಂದು ಮಾತ್ರ ಹೇಳುತ್ತಿಲ್ಲ. ಗಾಳಿಯ ರೂಪಕಕ್ಕೆ ವಿವರಿಸಲಾಗದ ಘಟನೆ ಎಂದು ಹೇಳುತ್ತಿದ್ದೇನೆ. ಬಿರುಗಾಳಿಯ ಎದುರು ಯಾರೂ ಧರಣಿ ಕೂರುವುದಿಲ್ಲ. ಬಾಗಿಲು ಹಾಕಿಕೊಳ್ಳುತ್ತಾರೆ, ಇಲ್ಲವೇ ಸಹಿಸುತ್ತಾರೆ. ಜಾಗತೀಕರಣದ ಬಗ್ಗೆ ನಮ್ಮ ಸಾಹಿತ್ಯ ಚರ್ಚೆಯಲ್ಲಿ ಈ ಎರಡೇ ಭಾವಗಳು, ಹಳಹಳಿಕೆ ಮತ್ತು ಅಸಹಾಯಕತೆ, ಹೆಚ್ಚಾಗಿರುವುದಕ್ಕೆ ರೂಪಕವೂ ಒಂದು ಕಾರಣವಿರಬೇಕು. ಆ ಹೆಂಗಸರಿಗೆ ಎದುರಿಗಿರುವುದು ಸಹಿ ಹಾಕಿದ ಕಾಗದ ಎಂದು ಗೊತ್ತಿತ್ತು. ಸಹಿ ಹಾಕಿದವರು ಅದನ್ನು ಹರಿಯಲೂ ಬಲ್ಲರು ಎಂದೂ ಗೊತ್ತಿತ್ತು. ಹಾಗೆಂದು ಎಲ್ಲವೂ ಗೆಲುವಾಗಲಿಲ್ಲ. ಕೂಲಿ ಇನ್ನೂ ಕಡಿಮೆಯಿರುವ ಸಣ್ಣ ಊರುಗಳ ಕಡೆಗೆ ಕಾರ್ಖಾನೆಗಳು ಸರಿಯುತ್ತಲೇ ಇವೆ. ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನ ವಲಯದಿಂದ ವಲಯಕ್ಕೆ ಬೇರೆ. ಬಯರಿಗೆ ದೇಶಗಳಿದ್ದಂತೆ ಮಾಲೀಕರಿಗೆ ತಾಲ್ಲೂಕುಗಳು. ಆದರೆ ಇದೂ ಲೆಕ್ಕ ಹಾಕಿ ಮಾಡಿದ್ದು, ಬೀಸಿ ಬಂದದ್ದಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಜಾಗತೀಕರಣದಿಂದ ಕನ್ನಡ ಕೆಡುತ್ತಿದೆ ಎನ್ನುವಾಗ ನಾವು ಅಂಗಡಿಯ ಬೋರ್ಡು, ಎಫ್.ಎಂ. ಮಾತು ಉದಾಹರಿಸುತ್ತೇವೆ. ಅಮ್ಮನ ಮಾತಿನಲ್ಲಿ ಶಿಪ್‌ಮೆಂಟು, ಟಾರ್ಗೆಟ್ಟು, ಪೀಸು, ಬಯರು, ರಿಜೆಕ್ಟು, ಸೆಟ್ಲ್‌ಮೆಂಟು ಇವೆ. ಅವು ಅವಳಿಗೆ ಶೋಕಿಯ ಪದಗಳಲ್ಲ, ಬೆನ್ನಿನಲ್ಲಿ ಕಲಿತ ಪದಗಳು. “ಬಯರ್ ಬರ್ತಾವ್ನೆ” ಅಂದರೆ ಅವತ್ತು ಬಾತ್‌ರೂಮಿಗೆ ಸೋಪು ಬರುತ್ತದೆ, ಸೂಪರ್‌ವೈಸರ್ ‘ಅಮ್ಮ’ ಅಂತ ಕರೆಯುತ್ತಾನೆ ಎಂಬಷ್ಟು ಅರ್ಥ ಅದರಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಕದಿರ ರೆಮ್ಮವ್ವೆ ತಾನು ನೂಲುವ ಕದಿರಿನ ಹೆಸರನ್ನೇ ಹೊತ್ತು ವಚನ ಬರೆದಳು. ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯರ ಹೆಸರಿನಲ್ಲೇ ಅವರ ಕೆಲಸ ಕೂತಿದೆ. ಅಮ್ಮನ ಕಾರ್ಖಾನೆಯಲ್ಲೂ ಹೆಂಗಸರನ್ನು ಮಿಷನ್ನಿನ ಹೆಸರಿನಿಂದಲೇ ಕರೆಯುತ್ತಿದ್ದರು: ಓವರ್‌ಲಾಕ್ ಅಕ್ಕ, ಬಟನ್ ಆಂಟಿ. ಒಂದು ಹೆಸರನ್ನು ಹೊತ್ತವರು ತಾವೇ ಹಾಡಿಕೊಂಡರು, ಇನ್ನೊಂದನ್ನು ಸೂಪರ್‌ವೈಸರ್ ಕೂಗಿದ. ಈ ವ್ಯತ್ಯಾಸವನ್ನು ವಿಮರ್ಶೆ ವಿವರಿಸಬೇಕು. ಅದಕ್ಕೆ ಮೊದಲು ‘ಶಿಪ್‌ಮೆಂಟು’ ಕನ್ನಡ ಪದವೆಂದು ಒಪ್ಪಿಕೊಳ್ಳಬೇಕು.

ಅಧ್ಯಾಯವನ್ನು ತಿದ್ದಿ ಬರೆದೆ. ಗಾಳಿ ಮೂರು ಕಡೆಯಿಂದಲೂ ಹೋಯಿತು. ಮುನ್ನುಡಿಯಲ್ಲಿ, “ನನ್ನ ತಾಯಿ 17 ವರ್ಷ ವಿದೇಶಕ್ಕೆ ಹೋಗುವ ಅಂಗಿಗಳನ್ನು ಹೊಲಿದಳು” ಎಂಬ ಒಂದು ಸಾಲು ಸೇರಿಸಿ ಅವಳಿಗೆ ಓದಿ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

“ಸುಳ್ಳು ಬರೀಬ್ಯಾಡ ಕಣವ್ವ” ಅಂದಳು. “ನಾನು ಒಂದು ಅಂಗೀನೂ ಪೂರ್ತಿ ಹೊಲ್ದಿಲ್ಲ. ನಂದು ಕಾಲರ್ರು.”

ಒಂದು ಅಂಗಿಯ ಕೆಲಸವನ್ನು ಹತ್ತಾರು ತುಂಡು ಮಾಡಿ ಸಾಲಾಗಿ ಕೂರಿಸಿದವರಿಗೆ ಹಂಚುತ್ತಾರೆ. ಒಂದೊಂದು ತುಂಡಿಗೂ ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ಹಿಡಿದು ಅಳೆದಿರುತ್ತಾರೆ. ಇದನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ, ಎರಡನೆಯ ಅಧ್ಯಾಯದಲ್ಲಿ ಬರೆದೂ ಇದ್ದೆ. ಅಮ್ಮನ ಬಗ್ಗೆ ಬರೆಯುವಾಗ ಮಾತ್ರ ಮರೆತಿದ್ದೆ. ಸಾಲನ್ನು ಹೀಗೆ ತಿದ್ದಿದ್ದೇನೆ: ನನ್ನ ತಾಯಿ 17 ವರ್ಷ ಕಾಲರ್ ಕೂರಿಸಿದಳು. ಆ ಅಂಗಿಗಳ ತೋಳು, ಜೇಬು, ಗುಂಡಿ ಯಾರ್ಯಾರವು ಎಂದು ಕೇಳಿದಾಗ ಅವಳು ಲೈನಿನ ಹೆಂಗಸರ ಹೆಸರು ಹೇಳತೊಡಗಿದಳು. ಹದಿಮೂರು ಹೆಸರು ಬರೆದುಕೊಂಡಿದ್ದೇನೆ. ಇನ್ನೂ ಇವೆಯಂತೆ.